ಜ್ಯಾಕ್ ಏರಿದಾಗ ಮುಚ್ಚದ ಬಾಗಿಲು: ಹಳೆಯ ಮಿಯಾಟಾದ ಹೊಸ್ತಿಲು ರಿಪೇರಿ

ಎಡಗಡೆಯ ಮುಂದಿನ ಬ್ರೇಕ್ ಪ್ಯಾಡ್ ಬದಲಿಸುವ ಒಂದು ಗಂಟೆಯ ಕೆಲಸ ಏಳು ವಾರಾಂತ್ಯಗಳನ್ನು ತಿಂದಿತು. ಶುರುವಾದದ್ದು ಹೀಗೆ. ಕಾರಿನ ಎಡ ಮುಂಭಾಗವನ್ನು ಟ್ರಾಲಿ ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿದ್ದೆ. ಕ್ಯಾಲಿಪರ್ ಕೈಗೆ ಎಟುಕಬೇಕಾದರೆ ಸ್ಟೀರಿಂಗನ್ನು ಸ್ವಲ್ಪ ತಿರುಗಿಸಬೇಕಿತ್ತು. ಬಾಗಿಲು ತೆರೆದು ತಿರುಗಿಸಿ, ಮತ್ತೆ ಮುಚ್ಚಲು ತಳ್ಳಿದೆ. ಲೋಹಕ್ಕೆ ಲೋಹ ಬಡಿದು ಬಾಗಿಲು ಅಲ್ಲೇ ನಿಂತಿತು. ಬಗ್ಗಿ ನೋಡಿದರೆ, ಬಾಗಿಲಿನ ಲಾಕು ಕಂಬದಲ್ಲಿರುವ ಕೊಂಡಿಗಿಂತ ಎರಡು ಮೂರು ಮಿಲಿಮೀಟರ್ ಮೇಲಕ್ಕೆ ಬಂದಿತ್ತು. ಬಲವಾಗಿ ಬಡಿಯದೆ ಬಾಗಿಲನ್ನು ಹಾಗೆಯೇ ಒರಗಿಸಿಟ್ಟು, ಚಕ್ರ ಹಾಕಿ, ಕಾರನ್ನು ಕೆಳಗಿಳಿಸಿದೆ. ಅದೇ ಬಾಗಿಲು ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಂಡಿತು.

ಕಾರು 1992ರ ಮಜ್ದಾ ಮಿಯಾಟಾ, ಮೊದಲ ತಲೆಮಾರಿನದು. 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಷೋನಲ್ಲಿ ಜಗತ್ತು ಮೊದಲು ಕಂಡ, ಹಿರೋಷಿಮಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಪುಟ್ಟ ಗಾಡಿ. 1.6 ಲೀಟರ್ ಎಂಜಿನ್, ಬಟ್ಟೆಯ ಟಾಪು, ಒಂದು ಟನ್ನಿಗೂ ಕೊಂಚ ಕಡಿಮೆ ತೂಕ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 2,265 ಮಿ.ಮೀ. ಅಂತರ. ನಾನಿರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ನಗರದ ಹೊರವಲಯದಲ್ಲಿ. ಇಲ್ಲಿನ ಈರಿ ಸರೋವರದ ಅಡಿಯಲ್ಲಿ, ಸುಮಾರು 1,800 ಅಡಿ ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ನಾನು ಈ ಕಾರನ್ನು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೊರಗೆ ತೆಗೆಯುವುದಿಲ್ಲ. ನನಗಿಂತ ಹಿಂದಿನ ಮಾಲೀಕರು ತೆಗೆದಿದ್ದರು. ಅದರ ಗುರುತು ಕಾರಿನ ಅಡಿಯಲ್ಲೆಲ್ಲ ಇದೆ.

ಆ ಹೊತ್ತಿಗೆ ಅಪ್ಪ ಹಾಸನದಿಂದ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಮೂವತ್ತೆರಡು ವರ್ಷ ಕೆಎಸ್‌ಆರ್‌ಟಿಸಿ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಾಗಿಲಿನ ಕಥೆ ಹೇಳಿದೆ. ಅವರು ಗ್ಯಾರೇಜಿಗೆ ಬಂದು ನೆಲದ ಮೇಲೆ ರಟ್ಟು ಹಾಸಿ ಮಲಗಿ, ಟಾರ್ಚ್ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಇದಕ್ಕೆ ಚಾಸಿ ಎಲ್ಲಿದೆಯಪ್ಪಾ?" ಎಂದರು.

"ಇಲ್ಲ ಅಪ್ಪ. ಬಾಡಿಯೇ ಚಾಸಿ."

ಬಸ್ಸಿನಲ್ಲಿ ಅಡಿಯಲ್ಲಿ ಏಣಿಯಂತಹ ಉಕ್ಕಿನ ಚಾಸಿ ಇರುತ್ತದೆ. ಎಂಜಿನ್, ಆಕ್ಸಲ್, ಬಾಡಿ ಎಲ್ಲವೂ ಅದರ ಮೇಲೆಯೇ ಕೂರುತ್ತವೆ. ಕೆಟ್ಟ ರಸ್ತೆಯಲ್ಲಿ ಒಂದು ಚಕ್ರ ದಿಣ್ಣೆ ಹತ್ತಿದರೆ ಕಿಟಕಿಗಳೆಲ್ಲ ಗಡಗಡ ಎನ್ನುತ್ತವೆ, ಆದರೆ ಭಾರ ಹೊರುವುದು ಆ ಏಣಿ. ಮಿಯಾಟಾದಲ್ಲಿ ಅಂತಹ ಏಣಿಯಿಲ್ಲ. ಗೇರ್‌ಬಾಕ್ಸಿನಿಂದ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಮ್ಮಿನ ಒಂದು ಉದ್ದನೆಯ ತೊಲೆ ಇದೆ. ಅದು ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲನ್ನೂ ಒಂದಕ್ಕೊಂದು ಬಿಗಿಹಿಡಿಯಲು ಇರುವಂಥದ್ದು, ಕಾರನ್ನು ಹೊರಲು ಅಲ್ಲ. ಅದಕ್ಕೆ ಜ್ಯಾಕ್ ತಾಗಿಸಲೇಬಾರದು.

ಅಪ್ಪ ಎದ್ದು ಒಳಗೆ ಹೋಗಿ, ದೇವರ ಮುಂದಿನ ಬೆಂಕಿಪೊಟ್ಟಣ ತಂದರು. ಒಳಗಿನ ತಟ್ಟೆಯನ್ನು ಹೊರಗೆಳೆದು, ಎರಡು ತುದಿಗಳನ್ನು ಬೆರಳುಗಳಲ್ಲಿ ಹಿಡಿದು ತಿರುಚಿದರು. ಬಟ್ಟೆ ಹಿಂಡಿದ ಹಾಗೆ ತಿರುಗಿತು. ಮತ್ತೆ ಹೊರಕವಚದೊಳಗೆ ತಳ್ಳಿ ತಿರುಚಿದರು, ಅಲುಗಲಿಲ್ಲ. "ಇದರ ಮುಚ್ಚಳ ತೆಗೆದಿದ್ದಾರೆ. ಇನ್ನು ಬಿಗಿ ಇರುವುದು ಎಲ್ಲಿ ಎಂದು ನೋಡು" ಎಂದರು.

ಚಾವಣಿಯಿಲ್ಲದ ಕಾರಿನಲ್ಲಿ ಆ ಬಿಗಿ ಇರುವುದು ಮುಖ್ಯವಾಗಿ ಎರಡು ಕಡೆ: ಸೀಟುಗಳ ನಡುವಿನ ಸುರಂಗದಲ್ಲಿ, ಮತ್ತು ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗೆ ಇಂಗ್ಲಿಷಿನಲ್ಲಿ ಸಿಲ್ ಎನ್ನುತ್ತಾರೆ. ಅಪ್ಪ ಮೊದಲ ದಿನದಿಂದಲೂ ಅದನ್ನು ಹೊಸ್ತಿಲು ಎಂದೇ ಕರೆದರು. ನನಗೂ ಅದೇ ರೂಢಿಯಾಯಿತು. ಹಳೆಯ ತೆರೆದ ಕಾರಿನ ಹೊಸ್ತಿಲು ಅಂದದ ಪಟ್ಟಿಯಲ್ಲ, ಅದು ತೊಲೆ. ಬ್ರಿಟನ್ನಿನ ಎಂಜಿಬಿ ಎಂಬ ತೆರೆದ ಕಾರು 1962ರಲ್ಲಿ ಬೇರೆ ಚಾಸಿಯ ಪದ್ಧತಿಯನ್ನು ಬಿಟ್ಟು ಬಾಡಿಯನ್ನೇ ಚಾಸಿ ಮಾಡಿಕೊಂಡ ಮೇಲೆ, ಅದನ್ನು ರಿಪೇರಿ ಮಾಡುವವರೆಲ್ಲ ಮೊದಲು ಬೆರಳಿಟ್ಟು ಒತ್ತಿ ನೋಡುವುದು ಈ ಹೊಸ್ತಿಲನ್ನೇ.

ಮುಚ್ಚಿದ ಪೆಟ್ಟಿಗೆಯೊಂದು ತಿರುಚುವಿಕೆಗೆ ಎಷ್ಟು ಬಗ್ಗದೆ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಒಂದು ಬದಿಗೆ 100 ಮಿ.ಮೀ. ಇರುವ ಚೌಕ ಪೆಟ್ಟಿಗೆ, ತಗಡಿನ ದಪ್ಪ 1 ಮಿ.ಮೀ. ಎಂದುಕೊಳ್ಳಿ. ಮುಚ್ಚಿದ ಪೆಟ್ಟಿಗೆಯ ತಿರುಚು ಬಿಗಿತ ಅದು ಸುತ್ತುವರಿದ ಕ್ಷೇತ್ರಫಲದ ವರ್ಗವನ್ನು ಅನುಸರಿಸುತ್ತದೆ. ಲೆಕ್ಕ ಮಾಡಿದರೆ 10,00,000 ಬರುತ್ತದೆ. ಅದೇ ಪೆಟ್ಟಿಗೆಯ ಒಂದು ಅಂಚನ್ನು ಉದ್ದಕ್ಕೂ ಸೀಳಿಬಿಟ್ಟರೆ ಬಿಗಿತ ತಗಡಿನ ದಪ್ಪದ ಘನಕ್ಕೆ ಜೋತುಬೀಳುತ್ತದೆ, ಉತ್ತರ ಸುಮಾರು 133. ತಗಡು ಅಷ್ಟೇ, ತೂಕ ಅಷ್ಟೇ. ಬಿಗಿತ 7,500 ಪಟ್ಟು ಕಡಿಮೆ. ಇಡೀ ಬಿದಿರಿನ ಗಳವನ್ನು ತಿರುಚಲಾಗುವುದಿಲ್ಲ, ಉದ್ದಕ್ಕೆ ಸೀಳಿದ ಬಿದಿರು ಕೈಯಲ್ಲೇ ತಿರುಚಿಕೊಳ್ಳುತ್ತದೆ ಎಂಬುದು ಇದೇ. ತುಕ್ಕು ಹೊಸ್ತಿಲನ್ನು ತುದಿಯಿಂದ ತುದಿಗೆ ಸೀಳುವುದು ಅಪರೂಪ, ಆದ್ದರಿಂದ ನಿಜವಾದ ನಷ್ಟ ಇಷ್ಟು ದೊಡ್ಡದಿರುವುದಿಲ್ಲ. ಆದರೆ ಕೆಳಗಿನ ಅಂಚಿನ ಬೆಸುಗೆ ಬಿಟ್ಟುಕೊಂಡಷ್ಟೂ ಪೆಟ್ಟಿಗೆ ಪೆಟ್ಟಿಗೆಯಾಗಿ ಉಳಿಯುವುದಿಲ್ಲ.

ಹಾಗೆಂದು ಜ್ಯಾಕ್ ಮೇಲೆ ಬಳುಕಿದ ಕಾರೆಲ್ಲ ಕೊಳೆತ ಕಾರಲ್ಲ. ಹೊಸತಿದ್ದಾಗಲೂ ಈ ಕಾರು ಸ್ವಲ್ಪ ಬಳುಕುತ್ತಿತ್ತು. 1994ರಲ್ಲಿ 1.8 ಲೀಟರ್ ಎಂಜಿನ್ ಕೊಟ್ಟಾಗ ಮಜ್ದಾದವರೇ ಸೀಟುಗಳ ಹಿಂದೆ, ಸೀಟ್ ಬೆಲ್ಟ್ ಕಂಬಗಳ ನಡುವೆ ಒಂದು ಅಡ್ಡಪಟ್ಟಿ ಸೇರಿಸಿದರು. ನನ್ನದು ಅದಕ್ಕಿಂತ ಹಳೆಯದು. ಹಾಗಾಗಿ ನನಗೆ ಬೇಕಿದ್ದ ಉತ್ತರ, ಎಷ್ಟು ಬಳುಕಿದರೆ ಸಹಜ, ಎಷ್ಟಾದರೆ ರೋಗ ಎಂಬುದು. ಅದಕ್ಕೆ ಕಾರಿನಲ್ಲೇ ಒಂದು ಅಳತೆಗೋಲು ಇತ್ತು: ಬಲಗಡೆಯ ಬಾಗಿಲು.

ಬಾಗಿಲಿನ ಹಿಂದಿನ ಅಂಚಿಗೂ ಬಾಡಿಗೂ ನಡುವಿನ ಸಂದನ್ನು ಅಳೆಯಲು ಡ್ರಿಲ್ ಬಿಟ್ಟುಗಳನ್ನು ತಿರುಗಿಸಿ ಹಿಡಿದು, ಅವುಗಳ ನುಣುಪಾದ ಹಿಂಬದಿಯನ್ನು ಬಳಸಿದೆ. 3 ಮಿ.ಮೀ.ನಿಂದ 6 ಮಿ.ಮೀ.ವರೆಗೆ 0.1ರ ಅಂತರದಲ್ಲಿ ಒಂದು ಸೆಟ್ ನನ್ನಲ್ಲಿದೆ. ಯಾವ ಬಿಟ್ಟು ತಡೆಯಿಲ್ಲದೆ ಹೋಗಿ, ಅದರ ಮುಂದಿನದು ಹಿಡಿಯುತ್ತದೋ ಅದೇ ಅಳತೆ. ಬಣ್ಣ ಗೀರದಂತೆ ಸಂದಿನ ಎರಡೂ ಬದಿಗೆ ಕಾಗದದ ಟೇಪ್ ಅಂಟಿಸಿ, ಅಳೆಯುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಗುರುತಿಲ್ಲದೆ ಅಳೆದರೆ ಪ್ರತಿ ಸಲವೂ ಬೇರೆ ಉತ್ತರ ಬರುತ್ತದೆ.

ಮೊದಲು ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ನಿಂತಿದ್ದಾಗ. ಬಲ ಬಾಗಿಲು: ಮೇಲೆ 4.2, ಕೆಳಗೆ 4.6. ಎಡ ಬಾಗಿಲು: ಮೇಲೆ 3.5, ಕೆಳಗೆ 5.0. ಎತ್ತುವ ಮೊದಲೇ ಎಡಗಡೆ ಜೋತುಬಿದ್ದಿತ್ತು ಎಂಬುದು ಇಲ್ಲಿಯೇ ಗೊತ್ತಾಯಿತು. ಚಕ್ರಗಳು ಎರಡು ತುದಿಗಳಲ್ಲಿ ಹೊತ್ತು ನಿಂತಾಗ ಕಾರಿನ ನಡು ಕೆಳಗೆ ಬಾಗುತ್ತದೆ. ಬಾಗಿಲಿನ ಎರಡೂ ಕಡೆಯ ಕಂಬಗಳು ಮೇಲ್ತುದಿಯಲ್ಲಿ ಒಂದರ ಕಡೆಗೊಂದು ವಾಲುತ್ತವೆ. ಮೇಲಿನ ಸಂದು ಕಿರಿದಾಗುತ್ತದೆ.

ಅನಂತರ ಬಲ ಮುಂದಿನ ಜ್ಯಾಕ್ ಬಿಂದುವಿನಲ್ಲಿ ಎತ್ತಿದೆ, ಚಕ್ರ ನೆಲದಿಂದ ಎರಡು ಬೆರಳು ಮೇಲೆ ಬರುವವರೆಗೆ. ಬಲ ಬಾಗಿಲಿನ ಮೇಲಿನ ಸಂದು 4.2ರಿಂದ 5.1ಕ್ಕೆ ಹೋಯಿತು. ಇಳಿಸಿ, ಎಡಗಡೆಯೂ ಅಷ್ಟೇ ಎತ್ತರಕ್ಕೆ ಎತ್ತಿದೆ. 3.5 ಇದ್ದದ್ದು 5.6 ಆಯಿತು. ಬಲಕ್ಕೆ 0.9, ಎಡಕ್ಕೆ 2.1. ಅಪ್ಪ ಸೀಮೆಸುಣ್ಣದಿಂದ ಗೋಡೆಯ ಮೇಲೆ ಎರಡೂ ಅಂಕಿಗಳನ್ನು ಬರೆದು, 2.1ರ ಸುತ್ತ ಒಂದು ಸುತ್ತು ಹಾಕಿದರು.

ಸಂದು ಅಗಲವಾದದ್ದೇಕೆ ಎಂಬುದೂ ಸರಳ. ಜ್ಯಾಕ್ ಬಿಂದು ಇರುವುದು ಮುಂದಿನ ಚಕ್ರದ ಹಿಂದೆ. ಅಲ್ಲಿ ಎತ್ತಿದರೆ ಎಂಜಿನ್ ಇರುವ ಮೂಗು ಜ್ಯಾಕಿನ ಆಚೆಗೆ ಜೋತುಬೀಳುತ್ತದೆ, ಕಾರಿನ ನಡು ಮೇಲಕ್ಕೆ ಉಬ್ಬುತ್ತದೆ, ಕೀಲುಗಳಿರುವ ಮುಂದಿನ ಕಂಬ ಮೂಗಿನ ಜೊತೆ ಮುಂದಕ್ಕೆ ವಾಲುತ್ತದೆ. ಆ ಕಂಬಕ್ಕೆ ನೇತಾಡುವ ಬಾಗಿಲಿನ ಹಿಂದಿನ ತುದಿ ಮೇಲೇಳುತ್ತದೆ. ಲಾಕು ಕೊಂಡಿಗಿಂತ ಮೇಲೆ ಬಂದು ನಿಂತದ್ದು ಅದಕ್ಕೇ. ಇಂತಹ ಕಾರನ್ನು ಎತ್ತುವ ಮೊದಲು ಬಾಗಿಲುಗಳನ್ನು ಮುಚ್ಚಿ, ಕಿಟಕಿ ಇಳಿಸಿ, ಒಳಗೆ ಬೇಕಾದದ್ದನ್ನೆಲ್ಲ ಹೊರಗೆ ತೆಗೆದಿಟ್ಟುಕೊಳ್ಳಬೇಕು. ಎತ್ತಿದ ಮೇಲೆ ಬಾಗಿಲು ತೆರೆಯುವುದು ಬೇಡ. ತೆರೆದು ಮುಚ್ಚದೇ ಹೋದರೆ ಬಡಿಯುವುದಂತೂ ಬೇಡವೇ ಬೇಡ. ಕೊಂಡಿ ಬಾಗುತ್ತದೆ, ಇಲ್ಲವೇ ಬಾಗಿಲ ಅಂಚಿನ ಬಣ್ಣ ಹಾರುತ್ತದೆ. ಬಟ್ಟೆ ಟಾಪಿನ ಮುಂದಿನ ಕ್ಲಿಪ್ಪುಗಳಿಗೂ ಇದೇ ಮಾತು.

ರೋಗ ಎಡ ಹೊಸ್ತಿಲಿನದು ಎಂದಾಯಿತು. ಎಲ್ಲಿ ಎಂಬುದನ್ನು ಹುಡುಕುವುದು ಕಷ್ಟವಾಗಲಿಲ್ಲ. ಈ ಕಾರಿನಲ್ಲಿ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಒಂದು ಕಾಲುವೆಗೆ ಇಳಿದು, ಎರಡು ಮೂಲೆಗಳ ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಮುಂದೆ ಹೊರಗೆ ಬೀಳಬೇಕು. ಕೊಳವೆಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಉಕ್ಕಿ ಹೊಸ್ತಿಲಿನೊಳಗೆ ಇಳಿಯುತ್ತದೆ. ಎಡಗಡೆಯ ಕಾಲುವೆಗೆ ಅಪ್ಪ ಒಂದು ಚೊಂಬು ನೀರು ಹುಯ್ದರು. ನಾನು ಕೆಳಗೆ ಬಟ್ಟಲು ಹಿಡಿದು ಕಾದೆ. ಬಹಳ ಹೊತ್ತಿನ ಮೇಲೆ, ಕೊಳವೆಯ ಬಾಯಿಂದಲ್ಲ, ಹೊಸ್ತಿಲಿನ ಕೆಳಗಿನ ಬೆಸುಗೆಯ ಅಂಚಿನಿಂದ, ಇಟ್ಟಿಗೆ ಬಣ್ಣದ ನೀರು ತೊಟ್ಟಿಕ್ಕತೊಡಗಿತು. ಬಣ್ಣ ಹೊರಗಿನಿಂದ ಇನ್ನೂ ಹೊಳೆಯುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಹೊಸ್ತಿಲಿನ ಉದ್ದಕ್ಕೂ ತಟ್ಟುತ್ತಾ ಹೋದೆ. ಮುಂದಿನಿಂದ ಮುಕ್ಕಾಲು ಭಾಗ ಗಟ್ಟಿ ಸದ್ದು, ಹಿಂದಿನ ಚಕ್ರದ ಹತ್ತಿರ ಹಸಿ ರಟ್ಟಿನ ಸದ್ದು. ತುದಿಯಿಂದ ಒತ್ತಿದಾಗ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು.

ಇಲ್ಲಿ ಒಂದು ಪ್ರಶ್ನೆಗೆ ಎರಡು ವಾರ ಹೋಯಿತು: ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವಾಗ ಕಾರು ಯಾವುದರ ಮೇಲೆ ನಿಂತಿರಬೇಕು? ಜ್ಯಾಕ್ ಬಿಂದುಗಳ ಮೇಲೆ ನಿಲ್ಲಿಸಿ ಬೆಸೆದರೆ ನಡು ಉಬ್ಬಿದ ಆಕಾರವೇ ಖಾಯಂ ಆಗುತ್ತದೆ. ಚಕ್ರಗಳ ಮೇಲೆ ಬೆಸೆದರೆ ಜೋತುಬಿದ್ದ ಆಕಾರ ಖಾಯಂ. ಹೊಸ್ತಿಲನ್ನು ಚೆನ್ನಾಗಿ ಬೆಸೆದರೂ ಬಾಗಿಲು ಸರಿಯಾಗಿ ಕೂರದೆ, ಕೊನೆಗೆ ಕೀಲುಗಳನ್ನು ಎಳೆದಾಡಿ ಹೊಂದಿಸಿಕೊಂಡ ಕಾರುಗಳು ಬೇಕಾದಷ್ಟಿವೆ. ಬೆಸುಗೆಗಿಂತ ಮೊದಲು ಆಕಾರ ಎಂಬುದು ಈ ಕೆಲಸದಲ್ಲಿ ನನ್ನ ಒಂದೇ ಹಟ.

ಕಾರಿನ ಎರಡೂ ತುದಿಯಲ್ಲಿ, ಸಸ್ಪೆನ್ಷನ್ನನ್ನು ಹಿಡಿದಿರುವ ದಪ್ಪ ಉಕ್ಕಿನ ಅಡ್ಡತೊಲೆಗಳಿವೆ, ಹೆಚ್ಚುಕಡಿಮೆ ಆಕ್ಸಲ್‌ಗಳ ನೇರಕ್ಕೆ. ಅವುಗಳ ಮೇಲೆ ನಿಂತರೆ ಭಾರ ಚಕ್ರಗಳ ಮೇಲೆ ನಿಂತಾಗಿನ ಹಾಗೆಯೇ ಬಾಡಿಗೆ ಸೇರುತ್ತದೆ. ಮುಂದಿನ ಅಡ್ಡತೊಲೆಯ ನಟ್ಟನಡುವೆ ಜ್ಯಾಕ್ ಕೊಟ್ಟು ಎತ್ತಿ, ತೊಲೆಯ ಎರಡು ತುದಿಗಳಿಗೆ ಸ್ಟ್ಯಾಂಡ್ ಕೊಟ್ಟೆ. ಹಿಂದೆ ಡಿಫರೆನ್ಷಿಯಲ್‌ನ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತಿದೆ. ಅದರ ಹೊರಕವಚ ಅಲ್ಯೂಮಿನಿಯಮ್ಮಿನದು, ಬರಿಯ ಜ್ಯಾಕ್ ತಾಗಿದರೆ ಗಾಯವಾಗುತ್ತದೆ. ಮುಂದೆ ಎರಡು ಸ್ಟ್ಯಾಂಡ್, ಹಿಂದೆ ಒಂದೇ ಜ್ಯಾಕ್ ಇರುವಷ್ಟು ಹೊತ್ತು ಬಾಡಿಗೆ ತಿರುಚು ಬೀಳುವುದಿಲ್ಲ. ಮೂರು ಕಲ್ಲಿನ ಒಲೆ ಎಂತಹ ನೆಲದ ಮೇಲೂ ಅಲುಗದು. ತೊಂದರೆ ಬರುವುದು ನಾಲ್ಕನೆಯ ಕಾಲು ಕೊಟ್ಟಾಗ.

ನಮ್ಮ ಗ್ಯಾರೇಜಿನ ನೆಲ, ಹಿಮ ಕರಗಿದ ನೀರು ಹರಿದುಹೋಗಲೆಂದು ಬಾಗಿಲಿನ ಕಡೆಗೆ ಇಳಿಜಾರಾಗಿದೆ. ಇಳಿಜಾರು ಸಮನಾಗಿಲ್ಲ, ಒಂದು ಮೂಲೆ ಹೆಚ್ಚು ತಗ್ಗು. ಸ್ಟ್ಯಾಂಡುಗಳ ಹಲ್ಲುಗಳೋ ಎರಡು ಸೆಂಟಿಮೀಟರಿಗೊಂದು. ನಡುವಿನ ಎತ್ತರ ಸಿಗುವುದಿಲ್ಲ. ಡಿಫರೆನ್ಷಿಯಲ್ ಜ್ಯಾಕನ್ನು ನಿಧಾನವಾಗಿ ಇಳಿಸಿದಾಗ ಹಿಂದಿನ ಬಲ ಸ್ಟ್ಯಾಂಡ್ ಮೊದಲು ತಾಗಿತು. ಎಡ ಸ್ಟ್ಯಾಂಡಿಗೂ ತೊಲೆಗೂ ನಡುವೆ ಇನ್ನೂ ಬೆರಳಿನಷ್ಟು ಜಾಗ. ಹಾಗೆಯೇ ಇಳಿಸಿದ್ದರೆ ಬಾಡಿ ತನ್ನನ್ನು ತಾನೇ ತಿರುಚಿಕೊಂಡು ಆ ಸ್ಟ್ಯಾಂಡಿನ ಮೇಲೆ ಕೂರುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಮತ್ತೆ ಎತ್ತಿ, ಆ ಸ್ಟ್ಯಾಂಡಿನ ನಾಲ್ಕೂ ಪಾದಗಳನ್ನು ಹೊರುವಷ್ಟು ದೊಡ್ಡ ಪ್ಲೈವುಡ್ ಹಲಗೆಗಳನ್ನು ಒಂದರ ಮೇಲೊಂದು ನೆಲಕ್ಕೆ ಹಾಕಿದೆವು. ಅಪ್ಪ ಎರಡೂ ಸ್ಟ್ಯಾಂಡುಗಳ ತಲೆಯ ಮೇಲೆ ಒಂದೊಂದು ಪೋಸ್ಟ್‌ಕಾರ್ಡ್ ಇಟ್ಟು, ಜ್ಯಾಕ್ ಇಳಿಯುವಾಗ ಎರಡನ್ನೂ ಎಳೆಯುತ್ತಾ ಇದ್ದರು. ಎರಡು ಕಾರ್ಡುಗಳೂ ಒಂದೇ ಕ್ಷಣದಲ್ಲಿ ಬಿಗಿಯಾಗುವವರೆಗೆ ನಾಲ್ಕು ಸಲ ಎತ್ತಿ ಇಳಿಸಿದೆವು. ಎಡ ಬಾಗಿಲಿನ ಮೇಲಿನ ಸಂದು ಅಳೆದೆ: 3.6. ಚಕ್ರಗಳ ಮೇಲೆ ಇದ್ದದ್ದಕ್ಕೂ ಇದಕ್ಕೂ 0.1 ವ್ಯತ್ಯಾಸ.

ನೆಲದಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಎರಡು ತಗಡಿನ ಪಟ್ಟಿಗಳಿವೆ. ಅವು ಚಾಸಿಯಂತೆ ಕಾಣುತ್ತವೆ, ಆದರೆ ತೆಳು ತಗಡಿನವು, ಜ್ಯಾಕ್ ಹೊರಲಾರವು. ನನ್ನ ಕಾರಿನಲ್ಲಿ ಎರಡೂ ಎರಡೆರಡು ಕಡೆ ಚಪ್ಪಟೆಯಾಗಿವೆ. ಹಿಂದೆ ಯಾರೋ ಅಲ್ಲಿ ಎತ್ತಿದ್ದಾರೆ. ಅವಕ್ಕೆ ಮೇಲಿಂದ ಹೊದಿಸುವ ದಪ್ಪ ಉಕ್ಕಿನ ಕವಚಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಬಳುಕನ್ನು ಖಂಡಿತ ಕಡಿಮೆ ಮಾಡುತ್ತವೆ. ಆದರೆ ಕೊಳೆತ ಹೊಸ್ತಿಲನ್ನು ಹಾಗೆಯೇ ಬಿಟ್ಟು ಅವನ್ನು ಹಾಕುವುದನ್ನು ನಾನು ಒಪ್ಪುವುದಿಲ್ಲ. ಕಾರು ಓರೆಯಾಗಿ ನಿಂತಿರುವಾಗ ಬೋಲ್ಟ್ ಬಿಗಿದರೆ ಆ ಓರೆಯನ್ನೇ ಗಟ್ಟಿ ಮಾಡಿದ ಹಾಗಾಗುತ್ತದೆ.

ಈಗ ಜೋತುಬಿದ್ದ ಎಡಗಡೆಯನ್ನು ಬಲಗಡೆಯ ಅಳತೆಗೆ ತರಬೇಕಿತ್ತು. ಮೊದಲ ದಿನ ತೊಂದರೆ ಕೊಟ್ಟ ಅದೇ ಬಳುಕು ಇಲ್ಲಿ ನೆರವಿಗೆ ಬಂತು. ಎಡ ಮುಂದಿನ ಜ್ಯಾಕ್ ಬಿಂದು ಗಟ್ಟಿಯಾಗಿತ್ತು. ಹೊಸ್ತಿಲಿನ ಕೆಳ ಅಂಚಿನಲ್ಲಿ ಎರಡು ಕಚ್ಚುಗಳ ನಡುವಿನ ಜಾಗ ಅದು. ಅಂಚು ಮಡಚಿಕೊಳ್ಳದಂತೆ ನಡುವೆ ಸೀಳಿರುವ ರಬ್ಬರ್ ಗಟ್ಟಿಯನ್ನು ಇಟ್ಟು, ಕಾರಿನ ಜೊತೆ ಬಂದ ಕತ್ತರಿ ಜ್ಯಾಕನ್ನು ಕೊಟ್ಟೆ. ಟ್ರಾಲಿ ಜ್ಯಾಕಿನಲ್ಲಿ ಒಂದು ಹಿಡಿ ಒತ್ತಿದರೆ ಎಷ್ಟು ಏರುತ್ತದೋ ಹೇಳಲಾಗದು, ಕತ್ತರಿ ಜ್ಯಾಕಿನ ಸ್ಕ್ರೂ ಕಾಲು ಸುತ್ತಿಗೂ ಲೆಕ್ಕ ಕೊಡುತ್ತದೆ. ನಾನು ತಿರುಗಿಸುತ್ತಾ ಹೋದೆ, ಅಪ್ಪ ಸಂದಿನಲ್ಲಿ ಬಿಟ್ಟುಗಳನ್ನು ಬದಲಿಸುತ್ತಾ ಅಂಕಿ ಹೇಳುತ್ತಾ ಹೋದರು. 3.8. 4.0. "ಇನ್ನು ಕಾಲು ಸುತ್ತು." 4.1. "ಅರ್ಧ ಕಾಲು." 4.2. ಕೆಳಗಿನ ಸಂದು 4.7ಕ್ಕೆ ಇಳಿದಿತ್ತು. ಬಲಗಡೆ 4.6, ಅಷ್ಟು ಸಾಕು ಎಂದು ನಿಲ್ಲಿಸಿದೆವು.

ಆ ಆಕಾರವನ್ನು ಹಿಡಿದಿಡಲು ಡ್ರೈವರ್ ಸೀಟು, ಕಾರ್ಪೆಟ್, ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ತೆಗೆದೆ. ಸೀಟ್ ಬೆಲ್ಟಿನ ಬೋಲ್ಟ್ ತೂತಿನಿಂದ ಮುಂದಿನ ಕೀಲು ಕಂಬದ ತಗಡಂಚಿನವರೆಗೆ 25 ಮಿ.ಮೀ. ಚೌಕ ಉಕ್ಕಿನ ಪೈಪನ್ನು ಓರೆಯಾಗಿ ಕೊಟ್ಟು, ಒಂದು ತುದಿಗೆ ಬೋಲ್ಟ್, ಇನ್ನೊಂದಕ್ಕೆ ಎರಡು ಸಿ ಕ್ಲ್ಯಾಂಪ್ ಬಿಗಿದೆ. ಪೈಪು ಕೂತ ಮೇಲೆ ಮತ್ತೆ ಅಳೆದೆ, 4.2 ಹಾಗೆಯೇ ಇತ್ತು.

ಬೆಸುಗೆಗೆ ಮೊದಲು ಮಾಡಿದ್ದು: ಡಿಕ್ಕಿಯಲ್ಲಿರುವ ಬ್ಯಾಟರಿಯನ್ನು ಕಳಚಿ ಹೊರಗಿಟ್ಟೆ. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಸೀಟುಗಳ ಹಿಂದೆ, ಹಿಂದಿನ ಆಕ್ಸಲ್‌ನ ಮೇಲ್ಗಡೆ ಇದೆ, ಎಂದರೆ ಕಿಡಿ ಹಾರುವ ಜಾಗಕ್ಕೆ ತೀರ ಸಮೀಪ. ನಡುವೆ ಬೆಂಕಿ ತಡೆಯುವ ಕಂಬಳಿ ಕಟ್ಟಿದೆ, ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇಟ್ಟೆ, ಒಂದು ಬಕೆಟ್ ನೀರು ಮತ್ತು ಒದ್ದೆ ಗೋಣಿಚೀಲ ಹಿಡಿದು ಅಪ್ಪ ಕಾವಲಿಗೆ ಕೂತರು. ಚೆನ್ನಾಗಿ ಸಲಕರಣೆಯಿರುವ ಅಂಗಡಿಯಲ್ಲಾದರೆ ಟ್ಯಾಂಕನ್ನೇ ಇಳಿಸುತ್ತಾರೆ. ಕೊಳೆತ ಜಾಗ ಇನ್ನು ನಾಲ್ಕು ಬೆರಳು ಮೇಲಿದ್ದಿದ್ದರೆ ನಾನೂ ಇಳಿಸುತ್ತಿದ್ದೆ.

ಗ್ರೈಂಡರಿನಿಂದ ಹೊರತಗಡನ್ನು 28 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ತೆಗೆದಾಗ ಒಳಗಿನಿಂದ ಮೊದಲು ಬಿದ್ದದ್ದು ಮಣ್ಣು. ಹೊಲದ ಮಣ್ಣಿನಂತೆ ಕಪ್ಪಗೆ, ಒದ್ದೆಯಾಗಿ, ಎರಡು ಮುಷ್ಟಿಯಷ್ಟು; ಅದರೊಳಗೆ ಪೈನ್ ಮರದ ಸೂಜಿ ಎಲೆಗಳು ಇನ್ನೂ ಗುರುತು ಹಿಡಿಯುವಂತಿದ್ದವು. ಅದರ ಹಿಂದಿನ ಒಳಪದರದ ಬಲಪಟ್ಟಿ ಹಪ್ಪಳದ ಹಾಗೆ ಪದರು ಪದರಾಗಿ ಎದ್ದಿತ್ತು. ಬೆರಳಿನಿಂದಲೇ ಮುರಿದು ತೆಗೆದೆ. ಕೆಳ ಅಂಚಿನಲ್ಲಿ ಕಾರ್ಖಾನೆಯ ಸ್ಪಾಟ್ ಬೆಸುಗೆಗಳು ಸಾಲಾಗಿ ಇರಬೇಕಾದಲ್ಲಿ ಆರು ಬಿಟ್ಟುಕೊಂಡಿದ್ದವು. ಪೆಟ್ಟಿಗೆ ಪೆಟ್ಟಿಗೆಯಾಗಿ ಉಳಿದಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಅಪ್ಪ ಒಂದು ತುಂಡನ್ನು ಕೈಯಲ್ಲಿ ಹಿಡಿದು, "ಹೊರಗೆ ಬಣ್ಣ ನೋಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ" ಎಂದು ಬಹಳ ಹೊತ್ತು ತಿರುಗಿಸಿ ನೋಡಿದರು.

ಬೆಳ್ಳಗೆ ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸುವುದು ನಿಯಮ. ಒಳಪದರಕ್ಕೆ 1.2 ಮಿ.ಮೀ., ಹೊರಪದರಕ್ಕೆ 0.9 ಮಿ.ಮೀ. ತಗಡು ತಂದಿದ್ದೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದರ ಮೇಲೆ ತಗಡು ಕತ್ತರಿಸಿ, ಮರದ ದಿಮ್ಮಿಯ ಅಂಚಿನ ಮೇಲೆ ಸುತ್ತಿಗೆಯಿಂದ ಬಡಿದು ಬಾಗಿಸಿದೆ. ಬಡಿಯುವ ಕೆಲಸ ಅಪ್ಪನದು. ಹಾಸನದಲ್ಲಿ ಬಸ್ಸಿನ ಪ್ಯಾನಲ್ಲುಗಳ ಮೇಲೆ ಕಲಿತ ಕೈ. ಹೊಸ್ತಿಲಿನ ಕೆಳ ತಿರುವನ್ನು ಹನ್ನೆರಡು ಪೆಟ್ಟುಗಳಲ್ಲಿ ತಂದರು, ಜೋಡಿಸಿದಾಗ ಎಲ್ಲಿಯೂ ಸುತ್ತಿಗೆಯ ಗುಳಿ ಕಾಣಲಿಲ್ಲ.

ಬೆಸುಗೆಗೆ ಮಿಗ್ ಯಂತ್ರ, 0.6 ಮಿ.ಮೀ. ತಂತಿ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆತ ಅನಿಲ. ತೆಳು ತಗಡಿನ ಮೇಲೆ ಗೆರೆ ಎಳೆದಂತೆ ಬೆಸೆಯಬಾರದು. ಒಂದು ಚುಕ್ಕೆ ಈ ತುದಿಗೆ, ಇನ್ನೊಂದು ಆ ತುದಿಗೆ, ಮೂರನೆಯದು ನಡುವೆ, ಪ್ರತಿ ಚುಕ್ಕೆಯ ನಂತರ ತಗಡು ಕೈ ಮುಟ್ಟುವಷ್ಟು ಆರಬೇಕು. ಮೊದಲು ಒಳಪದರ. ಎಂಟು ಚುಕ್ಕೆಗಳಾದ ಮೇಲೆ ಅಪ್ಪ ಸಂದನ್ನು ಅಳೆದು "4.0" ಎಂದರು. ಎದೆ ಧಸಕ್ಕೆಂದಿತು. ಯಂತ್ರ ಆರಿಸಿ ಒಳಗೆ ಹೋಗಿ ಕಾಫಿ ಕುಡಿದು, ಮುಕ್ಕಾಲು ಗಂಟೆ ಬಿಟ್ಟು ಬಂದು ಅಳೆದರೆ ಮತ್ತೆ 4.2. ಬಿಸಿಗೆ ತಗಡು ಎಳೆದಾಡುತ್ತದೆ, ಆರಿದ ಮೇಲಿನ ಅಳತೆಯೇ ನಿಜ. ಅಂದಿನಿಂದ ಬಿಸಿಯಿರುವಾಗ ಅಳೆಯುವುದನ್ನೇ ಬಿಟ್ಟೆವು.

ಹೊರಪದರದ ಕೆಳ ಅಂಚಿಗೆ 25 ಮಿ.ಮೀ.ಗೊಂದು ತೂತು ಕೊರೆದು, ತೂತಿನ ಮೂಲಕ ಒಳ ಅಂಚಿಗೆ ಬೆಸೆದೆ. ಕಾರ್ಖಾನೆಯ ಸ್ಪಾಟ್ ಬೆಸುಗೆಯ ಕೆಲಸವನ್ನು ಇದು ಮಾಡುತ್ತದೆ. ಎರಡು ಅಂಚುಗಳು ಕೂಡುವಲ್ಲಿ ಸತುವಿನ ಪ್ರೈಮರ್ ಬಳಿದಿದ್ದೆ. ಅದು ಸುಟ್ಟಾಗ ಬರುವ ಹೊಗೆ ಒಳ್ಳೆಯದಲ್ಲ, ಮುಖವಾಡದ ಜೊತೆ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿಡಬೇಕು. ಮಟ್ಟ ಉಜ್ಜಿ, ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಕಲ್ಲೇಟು ತಡೆಯುವ ಲೇಪ, ಬಣ್ಣ. ಸೀಲರ್ ಹಚ್ಚುವಾಗ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಬಿಟ್ಟಿರುವ ಸಣ್ಣ ಸೀಳುಗಳನ್ನು ಮುಚ್ಚದಂತೆ ಅಲ್ಲಿ ಬೆಂಕಿಕಡ್ಡಿ ಸಿಕ್ಕಿಸಿದ್ದೆ. ಬಣ್ಣ ಒಣಗಿದ ಮೇಲೆ ಉದ್ದ ಕೊಳವೆಯಿಂದ ಹೊಸ್ತಿಲಿನ ಒಳಗೆಲ್ಲ ಮೇಣ ಸಿಂಪಡಿಸಿದೆ. ಮಳೆನೀರಿನ ಕೊಳವೆಯನ್ನು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದಿಂದ ಬಿಡಿಸಿದೆ. ಕಬ್ಬಿಣದ ತಂತಿ ಹಾಕಿದರೆ ಕೊಳವೆಯೇ ತೂತಾಗಿ, ಮತ್ತೆ ಹೊಸ್ತಿಲಿಗೇ ನೀರು.

ಕತ್ತರಿ ಜ್ಯಾಕನ್ನು ಇಳಿಸಿ, ಓರೆ ಪೈಪನ್ನು ಬಿಚ್ಚಿ, ಕಾರನ್ನು ಚಕ್ರಗಳ ಮೇಲೆ ಇಳಿಸಿದ್ದು ಆರನೆಯ ಭಾನುವಾರ. ರಸ್ತೆಯಲ್ಲಿ ನಾಲ್ಕು ಮೈಲಿ ಓಡಿಸಿ ಬಂದು ಅಳೆದೆವು. ಮೇಲೆ 4.1, ಕೆಳಗೆ 4.7. ಜೋತುಬಿದ್ದದ್ದು 0.1 ಮಾತ್ರ.

ಏಳನೆಯ ಶನಿವಾರ ಮೊದಲ ದಿನ ಮಾಡಿದ್ದನ್ನೇ ಮತ್ತೆ ಮಾಡಿದೆ. ಹಿಂದಿನ ಚಕ್ರಗಳಿಗೆ ಅಪ್ಪ ಕಲ್ಲು ಕೊಟ್ಟರು. ಎಡ ಮುಂದಿನ ಜ್ಯಾಕ್ ಬಿಂದುವಿನಲ್ಲಿ ಎತ್ತಿ, ಚಕ್ರ ನೆಲದಿಂದ ಎರಡು ಬೆರಳು ಮೇಲೆ ಬಂದಾಗ ನಿಲ್ಲಿಸಿ, ಸ್ಟ್ಯಾಂಡ್ ಕೊಟ್ಟೆ. 4.1 ಇದ್ದದ್ದು 5.0 ಆಯಿತು. ಬಲಗಡೆಯ ಹಾಗೆಯೇ, 0.9. ಎತ್ತಿದ ಕಾರಿನ ಬಾಗಿಲು ತೆರೆಯಬಾರದು ಎಂಬ ನನ್ನ ನಿಯಮವನ್ನು ಅಂದು ಒಂದು ಸಲ ಮುರಿದೆ. ಬಾಗಿಲು ತೆರೆದು, ಎರಡು ಬೆರಳಿನಿಂದ ತಳ್ಳಿದೆ. ಲಾಕು ಕೊಂಡಿಯ ಮೇಲಂಚನ್ನು ಸ್ವಲ್ಪ ಸವರಿಕೊಂಡು ಒಳಗೆ ಕೂತಿತು.

ಅಪ್ಪ ಗೋಡೆಯ ಮೇಲೆ ಸುತ್ತು ಹಾಕಿದ್ದ 2.1ರ ಪಕ್ಕದಲ್ಲಿ 0.9 ಎಂದು ಬರೆದರು. ಅನಂತರ ಚೊಂಬಿನಲ್ಲಿ ನೀರು ತಂದು, ಈ ಸಲ ಬಲಗಡೆಯ ಕಾಲುವೆಗೆ ಹುಯ್ದು, ಕೆಳಗೆ ಬಗ್ಗಿ ಕಾಯತೊಡಗಿದರು. ನೀರು ಬಂತು, ಆದರೆ ಬರಬೇಕಾದಷ್ಟು ಬೇಗ ಬರಲಿಲ್ಲ. ನೈಲಾನ್ ದಾರ ತೆಗೆದುಕೊಂಡು ಆ ಬದಿಗೆ ಹೋದೆ. ಬ್ರೇಕ್ ಪ್ಯಾಡುಗಳು ಇನ್ನೂ ಡಬ್ಬಿಯಲ್ಲೇ ಇದ್ದವು.